ಮೆಟಲ್ ವಾಲ್ವ್ ಹಾಕಿಸಿದರೆ ಸ್ಟ್ರೋಕ್ ಜಾಸ್ತಿನಾ? ಅಮ್ಮನಿಗೆ ಯಾವುದು ಒಳ್ಳೆಯದು?

ಕೊಡಚಾದ್ರಿ_ತಪ್ಪಲು
ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನ ಹತ್ತಿರ ನಮ್ಮ ಮನೆ. ಅಮ್ಮನಿಗೆ 56 ವರ್ಷ. ಚಿಕ್ಕಂದಿನಲ್ಲಿ ಜ್ವರ, ಕೀಲು ಬಾವು ಬಂದು ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್ ಕೆಟ್ಟಿತ್ತು. ಹಿಂದೊಮ್ಮೆ ಬಲೂನ್ ಹಾಕಿ ಅಗಲ ಮಾಡಿದ್ದರು. ಈಗ ವಾಲ್ವ್ ಗಟ್ಟಿಯಾಗಿದೆ, ಲೀಕ್ ಕೂಡ ಇದೆ. ಬದಲಾಯಿಸಲೇಬೇಕು, ಮೆಟಲ್ ಹಾಕಬೇಕಾ ಟಿಶ್ಯೂ ಹಾಕಬೇಕಾ ಯೋಚನೆ ಮಾಡಿಕೊಂಡು ಬನ್ನಿ ಅಂದಿದ್ದಾರೆ.

ಮಾವ ಹೇಳುವುದು, ಮೆಟಲ್ ಹಾಕಿಸಿದರೆ ಒಂದಲ್ಲ ಒಂದು ದಿನ ಲಕ್ವ ಹೊಡೆಯುತ್ತದೆ ಅಂತ. ಅಣ್ಣ ಹೇಳುವುದು, ಟಿಶ್ಯೂ ಸವೆದು ಹೋಗುತ್ತದೆ, ಎಪ್ಪತ್ತರ ವಯಸ್ಸಿನಲ್ಲಿ ಮತ್ತೆ ಆಪರೇಷನ್ ಮಾಡಿಸಲು ಅಮ್ಮನಿಂದ ಆಗುತ್ತದಾ ಅಂತ. ಮನೆಯಲ್ಲಿ ದಿನಾ ಇದೇ ಜಗಳ. ನಮ್ಮಲ್ಲಿ ಜೋರು ಮಳೆಗಾಲದಲ್ಲಿ ಪೇಟೆಗೆ ಹೋಗುವುದೇ ಕಷ್ಟ, ರಕ್ತ ಪರೀಕ್ಷೆಗೆ ಪದೇ ಪದೇ ಓಡಾಡಬೇಕು ಅಂತಾರೆ. ಸ್ಟ್ರೋಕ್ ವಿಷಯದಲ್ಲಿ ನಿಜ ಏನು? ಗೊತ್ತಿದ್ದವರು ದಯವಿಟ್ಟು ಹೇಳಿ.

ಅಡಿಕೆ_ಕೊನೆ
ನಿಮ್ಮ ಮಾವನ ಮಾತು ಕೇಳಬೇಡಿ. ನಮ್ಮ ಅಣ್ಣನಿಗೆ ಚಿತ್ರಾ ವಾಲ್ವ್ ಹಾಕಿ ಬಹಳ ವರ್ಷ ಆಯಿತು. ಜೀಪ್ ಓಡಿಸುತ್ತಾನೆ, ತೋಟ ನೋಡುತ್ತಾನೆ, ಕೊನೆ ಕೊಯ್ಲಿನ ಸಮಯದಲ್ಲಿ ನಮಗಿಂತ ಜಾಸ್ತಿ ಓಡಾಡುತ್ತಾನೆ. ರಾತ್ರಿ ಪಕ್ಕದಲ್ಲಿ ಮಲಗಿದರೆ ಟಿಕ್ ಟಿಕ್ ಅಂತ ಕೇಳುತ್ತದೆ, ಅಷ್ಟೇ. ಅದು ನಮ್ಮ ದೇಶದ್ದೇ ವಾಲ್ವ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ಮಾಡಿದ್ದು, 1990ರ ಡಿಸೆಂಬರ್‌ನಲ್ಲಿ ಮೊದಲ ಸಲ ರೋಗಿಗೆ ಹಾಕಿದರು. ರಕ್ತ ತೆಳು ಮಾಡುವ ಮಾತ್ರೆ ತಪ್ಪಿಸದಿದ್ದರೆ ಏನೂ ಆಗುವುದಿಲ್ಲ.

ತುಂಗೆಯ_ದಂಡೆ
ಏನೂ ಆಗುವುದಿಲ್ಲ ಅಂತ ಹೇಳಲು ಬರುವುದಿಲ್ಲ ಮಾರಾಯ್ರೆ. ಮಾತ್ರೆ ತಪ್ಪಿಸದವರಿಗೂ ಒಮ್ಮೊಮ್ಮೆ ಆಗುತ್ತದೆ. ಹೆದರಿಸುವುದು ಬೇಡ, ಆದರೆ ಸುಳ್ಳು ಧೈರ್ಯವೂ ಬೇಡ.

ವಾರ್ಡ್_ನರ್ಸ್
ನಾನು ಹೃದಯ ಶಸ್ತ್ರಚಿಕಿತ್ಸೆಯ ಐಸಿಯುನಲ್ಲಿ ಕೆಲಸ ಮಾಡಿದವಳು. ನನಗೆ ತಿಳಿದಷ್ಟು ಹೇಳುತ್ತೇನೆ.

ಮೆಟಲ್ ವಾಲ್ವ್ ಅಂದರೆ ದೇಹಕ್ಕೆ ಹೊರಗಿನ ವಸ್ತು. ಅದರ ಮೇಲೆ, ಅದರ ಕೀಲಿನ ಸಂದಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರು ಕಳಚಿಕೊಂಡು ಕುತ್ತಿಗೆಯ ರಕ್ತನಾಳದ ದಾರಿಯಲ್ಲಿ ಮಿದುಳಿಗೆ ಹೋದರೆ ಸ್ಟ್ರೋಕ್. ಅದಕ್ಕೇ ಜೀವನಪೂರ್ತಿ ರಕ್ತ ತೆಳು ಮಾಡುವ ಆಸಿಟ್ರೋಮ್ ಅಥವಾ ವಾರ್ಫರಿನ್ ಮಾತ್ರೆ. 1994ರ ಒಂದು ದೊಡ್ಡ ವಿಶ್ಲೇಷಣೆಯ ಲೆಕ್ಕವನ್ನು ಇವತ್ತಿಗೂ ಎಲ್ಲರೂ ಹೇಳುತ್ತಾರೆ. ಮೆಟಲ್ ವಾಲ್ವ್ ಇದ್ದು ಯಾವ ಔಷಧಿಯೂ ಇಲ್ಲದಿದ್ದರೆ ವರ್ಷಕ್ಕೆ ನೂರರಲ್ಲಿ ಸುಮಾರು 4 ಜನಕ್ಕೆ ಇಂಥ ದೊಡ್ಡ ತೊಂದರೆ. ವಾರ್ಫರಿನ್ ತಗೊಂಡರೆ ಸುಮಾರು 1. ಅಂದರೆ ಸೊನ್ನೆ ಆಗುವುದಿಲ್ಲ, ಆದರೆ ಬಹಳ ಇಳಿಯುತ್ತದೆ.

ಇನ್ನೊಂದು ವಿಷಯ. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲಿನಲ್ಲಿರುವುದು ಅಯೋರ್ಟಿಕ್ ವಾಲ್ವ್. ಮೈಟ್ರಲ್ ಜಾಗದಲ್ಲಿ ಅಯೋರ್ಟಿಕ್ ಜಾಗಕ್ಕಿಂತ ಹೆಪ್ಪು ಸುಮಾರು ಎರಡು ಪಟ್ಟು. ಅಲ್ಲಿ ರಕ್ತ ನಿಧಾನವಾಗಿ, ಕಡಿಮೆ ಒತ್ತಡದಲ್ಲಿ ಹರಿಯುತ್ತದೆ. ಅದಕ್ಕೇ ಮೆಟಲ್ ಮೈಟ್ರಲ್ ವಾಲ್ವ್‌ಗೆ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಅಂತ ರಕ್ತ ಪರೀಕ್ಷೆಯಲ್ಲಿ ಬರುವ ನಂಬರ್) 2.5ರಿಂದ 3.5 ಇಡಿ ಅನ್ನುತ್ತಾರೆ, ಅಯೋರ್ಟಿಕ್‌ಗೆ ಸಾಮಾನ್ಯವಾಗಿ 2ರಿಂದ 3 ಸಾಕು. ಅಯೋರ್ಟಿಕ್ ವಾಲ್ವ್ ಹಾಕಿಸಿಕೊಂಡ ಪಕ್ಕದ ಮನೆಯವರ ನಂಬರ್ ನೋಡಿ ನೀವು ಮಾತ್ರೆ ಹೊಂದಿಸಿಕೊಳ್ಳಬಾರದು.

ಟಿಶ್ಯೂ ವಾಲ್ವ್ ದನದ್ದೋ ಹಂದಿಯದ್ದೋ ಅಂಗಾಂಶದಿಂದ ಮಾಡಿದ್ದು. ಅದಕ್ಕೆ ಮೊದಲ 3ರಿಂದ 6 ತಿಂಗಳು ರಕ್ತ ತೆಳು ಮಾಡುವ ಮಾತ್ರೆ. ಆಮೇಲೆ ಬೇರೆ ಕಾರಣ ಇಲ್ಲದಿದ್ದರೆ ಆಸ್ಪಿರಿನ್ ಸಾಕಾಗುತ್ತದೆ.

ಈಗ ನನ್ನ ಪ್ರಶ್ನೆ. ಅಮ್ಮನ ಎದೆಬಡಿತ ಏರುಪೇರು ಇದೆಯಾ? ಇಸಿಜಿ ವರದಿಯಲ್ಲಿ ಎಎಫ್ ಅಂತ ಬರೆದಿದೆಯಾ?

ಕೊಡಚಾದ್ರಿ_ತಪ್ಪಲು
ಹೌದು ಅಕ್ಕಾ, ಎಎಫ್ ಅಂತಲೇ ಬರೆದಿದೆ. ಈಗಲೂ ಆಸಿಟ್ರೋಮ್ ಕೊಡುತ್ತಿದ್ದೇವೆ.

ವಾರ್ಡ್_ನರ್ಸ್
ಹಾಗಿದ್ದರೆ ನಿಮ್ಮ ಮನೆಯ ಜಗಳಕ್ಕೆ ಅರ್ಧ ಆಧಾರವೇ ಇಲ್ಲ. ಎಎಫ್ ಇದ್ದರೆ ಹೃದಯದ ಮೇಲಿನ ಎಡ ಕೋಣೆ ಸರಿಯಾಗಿ ಹಿಂಡುವುದಿಲ್ಲ, ಅಲ್ಲೇ ಹೆಪ್ಪು ಕಟ್ಟುತ್ತದೆ. ಅದಕ್ಕೂ ವಾಲ್ವ್ ಯಾವುದು ಅನ್ನುವುದಕ್ಕೂ ಸಂಬಂಧ ಇಲ್ಲ. ಟಿಶ್ಯೂ ಹಾಕಿಸಿದರೂ ಆ ಹೆಪ್ಪಿಗೆ ಮಾತ್ರೆ ಬೇಕೇ ಬೇಕು. ಟಿಶ್ಯೂ ಹಾಕಿಸಿದರೆ ಮಾತ್ರೆಯಿಂದ ಬಿಡುಗಡೆ ಅಂತ ಮಾವ ಅಂದುಕೊಂಡಿದ್ದರೆ, ಅಮ್ಮನ ವಿಷಯದಲ್ಲಿ ಅದು ಆಗುವುದಿಲ್ಲ.

ಸಾಗರದವ
ಇದನ್ನು ಡಾಕ್ಟರುಗಳು ಯಾಕೆ ಬಿಡಿಸಿ ಹೇಳುವುದಿಲ್ಲ? ನಮ್ಮ ಚಿಕ್ಕಮ್ಮನಿಗೂ ಹೀಗೇ ಆಯಿತು. ಟಿಶ್ಯೂ ಹಾಕಿಸಿದೆವು, ಆಮೇಲೂ ಮಾತ್ರೆ ನಿಲ್ಲಲಿಲ್ಲ. ಮನೆಯವರೆಲ್ಲ ಮೋಸ ಆಯಿತು ಅಂತ ಕೂಗಾಡಿದರು.

ಭದ್ರಾವತಿಯವಳು
ಹಾಗಾದರೆ ಸುಮ್ನೆ ಮೆಟಲ್ ಹಾಕಿಸುವುದೇ ಸರಿ ಅಲ್ವಾ? ಹೇಗೂ ಮಾತ್ರೆ ತಗೋಬೇಕು. ಬಾಳಿಕೆಯಾದರೂ ಬರುತ್ತದೆ.

ತುಂಗೆಯ_ದಂಡೆ
ಅಷ್ಟು ಸುಲಭ ಅಲ್ಲ. ಟಿಶ್ಯೂ ವಾಲ್ವ್ ಜೊತೆ ಎಎಫ್ ಇದ್ದವರಿಗೆ ಹೊಸ ಮಾತ್ರೆಗಳು ಬಂದಿವೆ, ಅವಕ್ಕೆ ಐಎನ್‌ಆರ್ ನೋಡುವುದೇ ಬೇಡ. ಬ್ರೆಜಿಲ್‌ನಲ್ಲಿ ರಿವರ್ ಅಂತ ಒಂದು ಅಧ್ಯಯನ ಆಯಿತು, 2020ರಲ್ಲಿ ಫಲಿತಾಂಶ ಬಂತು. ಮೈಟ್ರಲ್ ಟಿಶ್ಯೂ ವಾಲ್ವ್ ಮತ್ತು ಎಎಫ್ ಇದ್ದ ಸಾವಿರ ಜನರಲ್ಲಿ ರಿವರೋಕ್ಸಬಾನ್ ಮಾತ್ರೆ ವಾರ್ಫರಿನ್‌ಗೆ ಕಮ್ಮಿ ಏನಿರಲಿಲ್ಲ. ನಗರದಂಥ ಊರಿನಲ್ಲಿ ಇರುವವರಿಗೆ ಇದು ದೊಡ್ಡ ವ್ಯತ್ಯಾಸ. ಮಳೆ ಬಂತು, ಮರ ಬಿತ್ತು, ಬಸ್ಸಿಲ್ಲ ಅಂದರೆ ಪರೀಕ್ಷೆಗೆ ಹೋಗುವುದು ಹೇಗೆ?

ಅಡಿಕೆ_ಕೊನೆ
ಆ ಹೊಸ ಮಾತ್ರೆಯನ್ನು ಮೆಟಲ್ ವಾಲ್ವ್ ಇದ್ದವರೂ ತಗೋಬಹುದಾ? ಅಣ್ಣನಿಗೂ ಈ ಓಡಾಟ ತಪ್ಪುತ್ತಿತ್ತು.

ವಾರ್ಡ್_ನರ್ಸ್
ಬೇಡ. ಬೇಡ. ದಯವಿಟ್ಟು ಅದನ್ನು ಮಾಡಲೇಬೇಡಿ. ಮೆಟಲ್ ವಾಲ್ವ್‌ಗೆ ಡಾಬಿಗಟ್ರಾನ್ ಕೊಟ್ಟು ನೋಡಿದ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೆಪ್ಪೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ. ಆಮೇಲೆ ಆನ್-ಎಕ್ಸ್ ಅನ್ನುವ ವಾಲ್ವ್ ಜೊತೆ ಅಪಿಕ್ಸಬಾನ್ ಪ್ರಯತ್ನ ಮಾಡಿದರು. ಅದನ್ನೂ 2022ರಲ್ಲಿ ನಿಲ್ಲಿಸಿದರು, ವಾರ್ಫರಿನ್‌ಗಿಂತ ಸ್ಟ್ರೋಕ್ ಜಾಸ್ತಿ ಬಂತು. ಮೆಟಲ್ ವಾಲ್ವ್ ಇದ್ದವರಿಗೆ ಹಳೆಯ ಮಾತ್ರೆಯೇ ಗತಿ. ಮೆಡಿಕಲ್ ಶಾಪಿನವರು "ಇದು ಹೊಸದು, ಟೆಸ್ಟ್ ಬೇಡ" ಅಂತ ಬದಲಾಯಿಸಿ ಕೊಟ್ಟರೂ ತಗೋಬೇಡಿ.

ತೀರ್ಥಹಳ್ಳಿ_ಮೇಷ್ಟ್ರು
ಎದೆ ತೆರೆಯದೆ ತೊಡೆಯ ರಕ್ತನಾಳದಿಂದ ಹಾಕುತ್ತಾರಲ್ಲ, ಟಾವಿ ಅಂತ. ಅದನ್ನೇ ಮಾಡಿಸಬಹುದಲ್ಲ? ಟಿವಿಯಲ್ಲಿ ನೋಡಿದೆ, ಮೂರನೇ ದಿನಕ್ಕೆ ಮನೆಗೆ ಕಳಿಸುತ್ತಾರಂತೆ.

ತುಂಗೆಯ_ದಂಡೆ
ಮೇಷ್ಟ್ರೇ, ಟಾವಿ ಅಯೋರ್ಟಿಕ್ ವಾಲ್ವ್‌ಗೆ. ಫ್ರಾನ್ಸ್‌ನಲ್ಲಿ 2002ರಲ್ಲಿ ಅಲೈನ್ ಕ್ರಿಬಿಯೆ ಮೊದಲು ಮಾಡಿದ್ದೂ ಅಯೋರ್ಟಿಕ್‌ಗೇ. ಇವರ ಅಮ್ಮನದು ಜ್ವರದಿಂದ ಕೆಟ್ಟ ಮೈಟ್ರಲ್ ವಾಲ್ವ್. ಅದಕ್ಕೆ ಇದು ನಡೆಯುವುದಿಲ್ಲ. ನಾಳೆ ಟಿಶ್ಯೂ ವಾಲ್ವ್ ಹಾಕಿಸಿ ಅದು ಸವೆದರೆ, ಅದರೊಳಗೇ ಇನ್ನೊಂದನ್ನು ತಂತಿಯ ಮೂಲಕ ಕೂರಿಸುವುದು ಸಾಧ್ಯ. ಅದು ಬೇರೆ ಮಾತು. ಆದರೆ ಖರ್ಚು ಹತ್ತು ಲಕ್ಷ ದಾಟುತ್ತದೆ.

ಕೊಪ್ಪದ_ಕಾಫಿ
ಟಾವಿಯಲ್ಲೂ ಸ್ಟ್ರೋಕ್ ಆಗುತ್ತದೆ. ನಮ್ಮ ಸೋದರಮಾವನಿಗೆ 81 ವರ್ಷ, ಅಯೋರ್ಟಿಕ್ ವಾಲ್ವ್ ಸುಣ್ಣ ಕಟ್ಟಿತ್ತು. ಮಾಡಿಸಿದ ರಾತ್ರಿಯೇ ಬಲಗೈ ಜೋಮು ಹಿಡಿಯಿತು. ಈಗ ಬಹಳ ಸುಧಾರಿಸಿದೆ. ಹೊಸ ವಾಲ್ವ್ ಹಿಗ್ಗುವಾಗ ಹಳೆಯ ವಾಲ್ವಿನ ಸುಣ್ಣದ ಚೂರು ಹಾರಿ ಮಿದುಳಿಗೆ ಹೋಗುತ್ತದೆ ಅಂತ ಹೇಳಿದರು. ನಮಗೆ ಮೊದಲೇ ಹೇಳಿದ್ದರೆ ಮನಸ್ಸು ಗಟ್ಟಿ ಮಾಡಿಕೊಂಡಿರುತ್ತಿದ್ದೆವು.

ತುಂಗೆಯ_ದಂಡೆ
ಹೌದು. ಟಾವಿಯ ಸ್ಟ್ರೋಕ್ ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲೇ ಬರುವುದು. 2011ರ ಪಾರ್ಟ್‌ನರ್ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಗಿಂತ ಟಾವಿಯಲ್ಲೇ ಸ್ಟ್ರೋಕ್ ಜಾಸ್ತಿ ಕಂಡಿತ್ತು. ಆಮೇಲೆ ಸಾಮಾನು ಸಣ್ಣದಾಯಿತು, ವೈದ್ಯರ ಕೈ ಪಳಗಿತು. 2019ರಲ್ಲಿ ಅಪಾಯ ಕಡಿಮೆ ಇರುವ ರೋಗಿಗಳ ಮೇಲೆ ಮಾಡಿದ ಪಾರ್ಟ್‌ನರ್ 3ರಲ್ಲಿ 30 ದಿನದೊಳಗೆ ಟಾವಿಗೆ 0.6%, ಶಸ್ತ್ರಚಿಕಿತ್ಸೆಗೆ 2.4%. ಚೂರು ಹಿಡಿಯಲು ಕುತ್ತಿಗೆಯ ರಕ್ತನಾಳದಲ್ಲಿ ಜಾಲರಿ ಇಟ್ಟು ನೋಡಿದರು, 2022ರ ಅಧ್ಯಯನದಲ್ಲಿ ಒಟ್ಟು ಸ್ಟ್ರೋಕ್ ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಮೆಟಲ್ ವಾಲ್ವ್‌ನ ಸ್ಟ್ರೋಕ್ ಹಾಗಲ್ಲ. ಅದು ವರ್ಷ ವರ್ಷವೂ ಇರುವ ಅಪಾಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಲ್ಯಾಬ್_ಅಕ್ಕ
ನಾನು ಲ್ಯಾಬ್‌ನಲ್ಲಿ ರಕ್ತ ತೆಗೆಯುವವಳು. ನೀವೆಲ್ಲ ವಾಲ್ವ್ ಬಗ್ಗೆ ಮಾತಾಡುತ್ತಿದ್ದೀರಿ, ನನಗೆ ಕಾಣುವುದು ಜನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಐಎನ್‌ಆರ್‌ಗೆ ಬರುವವರೇ ಕಡಿಮೆ. ಮಳೆ ನಿಂತ ಮೇಲೆ ಬರುತ್ತಾರೆ, ನೋಡಿದರೆ ಒಬ್ಬರದು 1.3, ಇನ್ನೊಬ್ಬರದು 6. 1.3 ಅಂದರೆ ಮೆಟಲ್ ವಾಲ್ವ್‌ಗೆ ರಕ್ಷಣೆಯೇ ಇಲ್ಲ. 6 ಅಂದರೆ ಮಿದುಳಿನಲ್ಲೇ ರಕ್ತಸ್ರಾವ ಆಗಬಹುದು. ಅದೂ ಸ್ಟ್ರೋಕೇ! ಸ್ಟ್ರೋಕ್ ಅಂದರೆ ಹೆಪ್ಪು ಮಾತ್ರ ಅಂದುಕೊಂಡು ಕೆಲವರು ತಾವೇ ಮಾತ್ರೆ ಜಾಸ್ತಿ ಮಾಡಿಕೊಳ್ಳುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಯಾವ ವಾಲ್ವ್ ಅಂತ ಕೇಳುವ ಮೊದಲು ಮನೆಯಲ್ಲಿ ಯಾರು ತಿಂಗಳಿಗೊಮ್ಮೆ ಕರೆದುಕೊಂಡು ಹೋಗುತ್ತೀರಿ ಅಂತ ಕೇಳಿಕೊಳ್ಳಿ. ಅದಕ್ಕೆ ಉತ್ತರ ಇಲ್ಲದ ಮನೆಯಲ್ಲಿ ಮೆಟಲ್ ವಾಲ್ವ್ ಅಪಾಯ.

ಅಡಿಕೆ_ಕೊನೆ
ಅಕ್ಕಾ, ಹಾಗಂತ ಹಳ್ಳಿಯವರು ಮೆಟಲ್ ಹಾಕಿಸಲೇಬಾರದು ಅಂದರೆ ಒಪ್ಪುವುದಿಲ್ಲ. ನಮ್ಮ ಮನೆಯೂ ರಿಪ್ಪನ್‌ಪೇಟೆಯಿಂದ ಒಳಗೆ ಇದೆ. ಅತ್ತಿಗೆ ಒಂದು ಪುಸ್ತಕ ಇಟ್ಟಿದ್ದಾರೆ. ತಾರೀಖು, ಐಎನ್‌ಆರ್, ಎಷ್ಟು ಮಿಲಿಗ್ರಾಂ, ಎಲ್ಲ ಬರೆಯುತ್ತಾರೆ. ಫೋಟೋ ತೆಗೆದು ಡಾಕ್ಟರಿಗೆ ಕಳಿಸುತ್ತಾರೆ. ಮನಸ್ಸಿದ್ದರೆ ಆಗುತ್ತದೆ.

ಲ್ಯಾಬ್_ಅಕ್ಕ
ನಿಮ್ಮ ಅತ್ತಿಗೆಯಂಥವರು ಇರುವ ಮನೆಗೆ ನಾನು ಬೇಡ ಅನ್ನಲಿಲ್ಲ.

ಮಲೆನಾಡ_ಅಡುಗೆ
ಸೊಪ್ಪು ತಿನ್ನಬಾರದು ಅಂತಾರಲ್ಲ, ಅದು ಎಷ್ಟು ನಿಜ? ನಮ್ಮತ್ತೆಗೆ ಮೆಟಲ್ ವಾಲ್ವ್. ಅವರು ಪತ್ರೊಡೆ, ಒಂದೆಲಗದ ತಂಬುಳಿ, ಬಸಳೆ ಹುಳಿ ಎಲ್ಲ ಬಿಟ್ಟು ಬರೀ ಅನ್ನ ಸಾರು ಉಣ್ಣುತ್ತಾರೆ. ನೋಡಲು ಬೇಜಾರಾಗುತ್ತದೆ.

ವಾರ್ಡ್_ನರ್ಸ್
ಬಿಡಬೇಕಾಗಿಲ್ಲ. ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತದೆ, ಅದು ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಆದರೆ ತೊಂದರೆ ಬರುವುದು ಏರುಪೇರಿನಿಂದ. ವಾರವಿಡೀ ಸೊಪ್ಪೇ ಇಲ್ಲದೆ, ಆಟಿಯ ಸಮಯದಲ್ಲಿ ಕೆಸುವಿನ ಎಲೆ ಸಿಕ್ಕಿತು ಅಂತ ನಾಲ್ಕು ದಿನ ಮೂರು ಹೊತ್ತೂ ಪತ್ರೊಡೆ ತಿಂದರೆ ಐಎನ್‌ಆರ್ ಇಳಿಯಬಹುದು. ದಿನಾ ಒಂದೇ ಅಳತೆಯಲ್ಲಿ ತಿಂದರೆ ಮಾತ್ರೆಯನ್ನು ಅದಕ್ಕೆ ಹೊಂದಿಸುತ್ತಾರೆ. ಅತ್ತೆಗೆ ತಂಬುಳಿ ಮಾಡಿಕೊಡಿ. ಶುರು ಮಾಡುವಾಗ ಡಾಕ್ಟರಿಗೆ ಒಂದು ಮಾತು ಹೇಳಿ, ಒಂದು ಐಎನ್‌ಆರ್ ನೋಡಿಸಿ.

ಸಾಗರದವ
ಅದಕ್ಕಿಂತ ದೊಡ್ಡ ಅಪಾಯ ನೋವಿನ ಮಾತ್ರೆ. ಕೊನೆಗೌಡರೊಬ್ಬರು ಬೆನ್ನು ನೋವಿಗೆ ಡೈಕ್ಲೋಫಿನಾಕ್ ತಿಂದು ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಿಕೊಂಡರು. ಆಸಿಟ್ರೋಮ್ ತಗೊಳ್ಳುತ್ತಾರೆ ಅಂತ ಅಂಗಡಿಯವನಿಗೆ ಗೊತ್ತೇ ಇರಲಿಲ್ಲ.

ತೀರ್ಥಹಳ್ಳಿ_ಮೇಷ್ಟ್ರು
ಉಂಬಳ (ಜಿಗಣೆ) ಕಚ್ಚಿದರೆ ಏನು ಮಾಡುವುದು? ತೋಟಕ್ಕೆ ಹೋದರೆ ತಪ್ಪಿಸಲು ಆಗುವುದಿಲ್ಲ. ನಮ್ಮ ಪರಿಚಯದವರಿಗೆ ಮಾತ್ರೆ ತಗೊಳ್ಳುವಾಗ ಉಂಬಳ ಕಚ್ಚಿ ರಕ್ತ ನಿಲ್ಲಲೇ ಇಲ್ಲ, ಹಾಸಿಗೆಯೆಲ್ಲ ಒದ್ದೆ.

ಅಡಿಕೆ_ಕೊನೆ
ಉಂಬಳದ ಎಂಜಲಿನಲ್ಲೇ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇದೆ, ಜೊತೆಗೆ ಮಾತ್ರೆ. ಅಣ್ಣ ಸ್ವಚ್ಛ ಬಟ್ಟೆ ಇಟ್ಟು ಬಿಡದೆ ಒತ್ತಿ ಹಿಡಿಯುತ್ತಾನೆ. ಆಗಾಗ ಎತ್ತಿ ನೋಡಿದರೆ ನಿಲ್ಲುವುದಿಲ್ಲ. ಅದಕ್ಕೆ ಹೆದರಿ ಅವತ್ತಿನ ಮಾತ್ರೆ ಬಿಡಬಾರದು.

ಸೊರಬ_ಸೀಮೆ
ಉಂಬಳಕ್ಕಿಂತ ಉಣುಗಿನ ಬಗ್ಗೆ ಯೋಚನೆ ಮಾಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ನಮ್ಮ ಕ್ಯಾಸನೂರು ಕಾಡಿನಲ್ಲಿ. ಆ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಕೆಲವರಿಗೆ ರಕ್ತಸ್ರಾವ ಆಗುತ್ತದೆ. ಮೇಲಿಂದ ಆಸಿಟ್ರೋಮ್ ಇದ್ದರೆ? ಬೇಸಿಗೆಯಲ್ಲಿ ಕಾಡಂಚಿಗೆ ಹೋಗಿ ಬಂದು ಜ್ವರ ಬಂದರೆ, ವಾಲ್ವ್ ಇದೆ, ಈ ಮಾತ್ರೆ ತಗೊಳ್ಳುತ್ತೇನೆ ಅಂತ ಮೊದಲ ಮಾತಿನಲ್ಲೇ ಹೇಳಬೇಕು. ಜ್ವರಕ್ಕೆ ಕೊಡುವ ಕೆಲವು ಆ್ಯಂಟಿಬಯೋಟಿಕ್‌ಗಳಿಂದಲೂ ಐಎನ್‌ಆರ್ ಏರುತ್ತದೆ.

ವಾರ್ಡ್_ನರ್ಸ್
ಬಹಳ ಒಳ್ಳೆಯ ಮಾತು. ಬಿಡದೆ ಜ್ವರ ಬಂದರೆ ಇನ್ನೊಂದನ್ನೂ ನೋಡಬೇಕು, ವಾಲ್ವ್‌ಗೇ ಸೋಂಕು ತಗುಲಿರಬಹುದು. ಮೆಟಲ್ ಆಗಲಿ ಟಿಶ್ಯೂ ಆಗಲಿ, ಸೋಂಕಿನ ಗಡ್ಡೆ ಕಳಚಿ ಮಿದುಳಿಗೆ ಹೋದರೂ ಸ್ಟ್ರೋಕ್. ಅದಕ್ಕೇ ಹಲ್ಲು ಕೀಳಿಸುವ ಮೊದಲು ಆ್ಯಂಟಿಬಯೋಟಿಕ್ ಕೊಡುವುದು. ಹಲ್ಲಿನ ಡಾಕ್ಟರ ಹತ್ತಿರ ಹೋಗುವಾಗ ಆಸಿಟ್ರೋಮ್ ನೀವಾಗಿಯೇ ನಿಲ್ಲಿಸಬೇಡಿ. ಐಎನ್‌ಆರ್ ನೋಡಿ ಅವರೇ ಹೇಳುತ್ತಾರೆ.

ಭದ್ರಾವತಿಯವಳು
ನಮ್ಮ ಅಕ್ಕನ ಮಗಳಿಗೆ 24, ಅವಳಿಗೂ ಮೆಟಲ್ ಮೈಟ್ರಲ್ ವಾಲ್ವ್. ಈಗ ಮದುವೆ ಮಾತು ನಡೆಯುತ್ತಿದೆ. ಮಗುವಿಗೆ ತೊಂದರೆ ಆಗುತ್ತದಾ?

ವಾರ್ಡ್_ನರ್ಸ್
ಗರ್ಭ ನಿಲ್ಲುವ ಮೊದಲೇ ಹೃದಯದ ಡಾಕ್ಟರ್ ಮತ್ತು ಹೆರಿಗೆ ಡಾಕ್ಟರ್ ಇಬ್ಬರನ್ನೂ ನೋಡಬೇಕು. ಮೊದಲ ತಿಂಗಳುಗಳಲ್ಲಿ ಈ ಮಾತ್ರೆಯಿಂದ ಮಗುವಿನ ಬೆಳವಣಿಗೆಗೆ ತೊಂದರೆ ಆಗಬಹುದು. ಹಾಗಂತ ಮಾತ್ರೆ ನಿಲ್ಲಿಸಿ ಕೂತರೆ ತಾಯಿಯ ವಾಲ್ವ್‌ನಲ್ಲೇ ಹೆಪ್ಪು ಕಟ್ಟುತ್ತದೆ, ಗರ್ಭಿಣಿಯರಿಗೆ ಆ ಅಪಾಯ ಇನ್ನೂ ಜಾಸ್ತಿ. ಹೆಪಾರಿನ್ ಇಂಜೆಕ್ಷನ್‌ಗೆ ಯಾವಾಗ ಬದಲಾಯಿಸಬೇಕು ಅಂತ ಅವರೇ ನಿರ್ಧರಿಸಬೇಕು. ವರನ ಕಡೆಯವರಿಂದ ಮುಚ್ಚಿಡಬೇಡಿ. ಮುಚ್ಚಿಟ್ಟು ಮಾತ್ರೆ ತಪ್ಪಿಸಿದ ಹುಡುಗಿಯರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ.

ಕೊಡಚಾದ್ರಿ_ತಪ್ಪಲು
ಎಲ್ಲರಿಗೂ ಧನ್ಯವಾದ. ಅಣ್ಣನಿಗೂ ಮಾವನಿಗೂ ಇದನ್ನೆಲ್ಲ ಓದಿ ಹೇಳಿದೆ. ಇನ್ನೊಂದು ಪ್ರಶ್ನೆ. ಎಎಫ್ ಇದ್ದವರಿಗೆ ಆಪರೇಷನ್ ಸಮಯದಲ್ಲೇ ಹೃದಯದ ಒಂದು ಚೀಲವನ್ನು ಮುಚ್ಚುತ್ತಾರೆ ಅಂತ ಕೇಳಿದೆ. ಅದರಿಂದ ಸ್ಟ್ರೋಕ್ ಕಡಿಮೆ ಆಗುತ್ತದಾ?

ತುಂಗೆಯ_ದಂಡೆ
ಆಗುತ್ತದೆ. ಎಡ ಮೇಲ್ಕೋಣೆಗೆ ಕಿವಿಯಂಥ ಒಂದು ಸಣ್ಣ ಚೀಲ ಇರುತ್ತದೆ, ಎಎಫ್ ಹೆಪ್ಪು ಹೆಚ್ಚಾಗಿ ಅಲ್ಲೇ. ಬೇರೆ ಕಾರಣಕ್ಕೆ ಹೃದಯದ ಆಪರೇಷನ್ ಮಾಡಿಸಿಕೊಂಡ ಎಎಫ್ ರೋಗಿಗಳ ಮೇಲೆ ಒಂದು ದೊಡ್ಡ ಅಧ್ಯಯನ 2021ರಲ್ಲಿ ಬಂತು. ಚೀಲ ಮುಚ್ಚಿದವರಲ್ಲಿ 4.8% ಜನಕ್ಕೆ, ಮುಚ್ಚದವರಲ್ಲಿ 7% ಜನಕ್ಕೆ ಸ್ಟ್ರೋಕ್ ಅಥವಾ ಅಂಥದೇ ತೊಂದರೆ. ಆದರೆ ಹೆಚ್ಚಿನವರು ಮಾತ್ರೆಯನ್ನೂ ಮುಂದುವರಿಸಿದ್ದರು. ಚೀಲ ಮುಚ್ಚಿದ್ದೇವೆ, ಇನ್ನು ಮಾತ್ರೆ ಬೇಡ ಅಂತ ಅಲ್ಲ. ಸರ್ಜನ್ ಹತ್ತಿರ ಇದನ್ನು ಖಂಡಿತ ಕೇಳಿ.

ವಯಸ್ಸಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಮೆರಿಕದ 2020ರ ಮಾರ್ಗಸೂಚಿ ಪ್ರಕಾರ ಮೈಟ್ರಲ್ ಆದರೆ 65ರ ಒಳಗಿನವರಿಗೆ ಮೆಟಲ್ ಕಡೆ ಒಲವು, ಮೇಲಿನವರಿಗೆ ಟಿಶ್ಯೂ. ಕ್ಯಾಲಿಫೋರ್ನಿಯಾದ ದಾಖಲೆಗಳ 2017ರ ಅಧ್ಯಯನದಲ್ಲೂ ಮೈಟ್ರಲ್ ಮೆಟಲ್ ಹಾಕಿಸಿದವರು 70ರ ವಯಸ್ಸಿನವರೆಗೂ ಜಾಸ್ತಿ ಬದುಕಿದ್ದರು. ರಕ್ತಸ್ರಾವ ಅವರಲ್ಲೇ ಜಾಸ್ತಿ, ಕೆಲವು ವಯಸ್ಸಿನವರಲ್ಲಿ ಸ್ಟ್ರೋಕ್ ಕೂಡ. ಮರು ಆಪರೇಷನ್ ಕಡಿಮೆ. ಆದರೆ ಅಲ್ಲಿಯವರ ಐಎನ್‌ಆರ್ ವ್ಯವಸ್ಥೆ ಬೇರೆ, ನಗರದ ಮಳೆಗಾಲ ಬೇರೆ. 56ಕ್ಕೆ ಎರಡೂ ಕಡೆ ವಾದ ಇದೆ. ನಿಮ್ಮ ಅಣ್ಣನೂ ತಪ್ಪಲ್ಲ, ಮಾವನ ಆತಂಕವೂ ಪೂರ್ತಿ ಸುಳ್ಳಲ್ಲ.

ಸಾಗರದವ
ಸ್ಟ್ರೋಕ್ ಆಗಿಯೇ ಬಿಟ್ಟರೆ ಏನು ಮಾಡಬೇಕು ಅಂತಲೂ ಯಾರಾದರೂ ಬರೆಯಿರಿ. ನಮ್ಮ ಕಡೆ ಮೊದಲು ನಾಟಿ ಔಷಧಿಗೆ, ಎಣ್ಣೆ ತಿಕ್ಕಿಸಲು ಕರೆದುಕೊಂಡು ಹೋಗುತ್ತಾರೆ.

ವಾರ್ಡ್_ನರ್ಸ್
ಬಾಯಿ ಸೊಟ್ಟ, ಒಂದು ಕೈ ಎತ್ತಲು ಆಗುವುದಿಲ್ಲ, ಮಾತು ತೊದಲು. ಮೂರರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ. ಎಷ್ಟು ಗಂಟೆಗೆ ಶುರುವಾಯಿತು ಅಂತ ಬರೆದಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವು. ಆದರೆ ವಾರ್ಫರಿನ್, ಆಸಿಟ್ರೋಮ್ ತಗೊಳ್ಳುವವರಿಗೆ ಐಎನ್‌ಆರ್ 1.7ಕ್ಕಿಂತ ಜಾಸ್ತಿ ಇದ್ದರೆ ಅದನ್ನು ಕೊಡುವುದಿಲ್ಲ. ಅಂಥವರಿಗೆ ದೊಡ್ಡ ರಕ್ತನಾಳ ಮುಚ್ಚಿದ್ದರೆ ತಂತಿ ಹಾಕಿ ಹೆಪ್ಪು ತೆಗೆಯುವ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಅದಕ್ಕೇ ಐಎನ್‌ಆರ್ ಪುಸ್ತಕ, ಮಾತ್ರೆಯ ಪಟ್ಟಿ ಜೊತೆಗೇ ಇರಲಿ.

ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ. ಹೆಪ್ಪೋ ರಕ್ತಸ್ರಾವವೋ ಅಂತ ಸ್ಕ್ಯಾನ್ ಆಗದೆ ಯಾರಿಗೂ ಗೊತ್ತಾಗುವುದಿಲ್ಲ. ನೀರು, ಕಷಾಯ ಏನೂ ಬೇಡ, ಶ್ವಾಸಕೋಶಕ್ಕೆ ಹೋಗುತ್ತದೆ.

ಮೆಟಲ್ ವಾಲ್ವ್‌ನವರು ಇನ್ನೊಂದು ನೆನಪಿಡಿ. ದಿನಾ ಕೇಳುತ್ತಿದ್ದ ಟಿಕ್ ಟಿಕ್ ಸದ್ದು ಮಂದವಾಗಿ, ಉಬ್ಬಸ ಶುರುವಾದರೆ ವಾಲ್ವ್‌ಗೇ ಹೆಪ್ಪು ಸಿಕ್ಕಿಕೊಂಡಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ.

ಕೊಪ್ಪದ_ಕಾಫಿ
ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಮಣಿಪಾಲಕ್ಕೆ ಇಳಿಯುತ್ತೇವೆ ಅಂದುಕೊಂಡವರು ರಸ್ತೆ ತೆರೆದಿದೆಯಾ ಅಂತ ಮೊದಲು ವಿಚಾರಿಸಿ. ಮಣ್ಣು ಕುಸಿದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಶಿವಮೊಗ್ಗಕ್ಕೆ ಹೋಗುವುದೇ ಬೇಗ ಆಗಬಹುದು.

ಸೊರಬ_ಸೀಮೆ
ಮನೆಯಲ್ಲೇ ಬೆರಳು ಚುಚ್ಚಿ ಐಎನ್‌ಆರ್ ನೋಡುವ ಮೆಷಿನ್ ಬರುತ್ತದಂತೆ, ಸಕ್ಕರೆ ಕಾಯಿಲೆಯದರ ಹಾಗೆ. ನಂಬಬಹುದಾ? ಮಳೆಗಾಲಕ್ಕೆ ಅನುಕೂಲ ಆಗುತ್ತಿತ್ತು.

ಲ್ಯಾಬ್_ಅಕ್ಕ
ನಂಬಬಹುದು. ಮನೆಯಲ್ಲಿ ತಾವೇ ನೋಡಿಕೊಂಡವರಲ್ಲಿ ಹೆಪ್ಪಿನ ತೊಂದರೆ ಕಡಿಮೆ ಅಂತ ಅಧ್ಯಯನಗಳೂ ಇವೆ. ಮೆಷಿನ್ ತಂದ ಹೊಸದರಲ್ಲಿ ಅದೇ ದಿನ ಲ್ಯಾಬ್‌ನಲ್ಲೂ ಕೊಟ್ಟು ಎರಡೂ ನಂಬರ್ ಹೋಲಿಸಿ. ತೀರಾ ಜಾಸ್ತಿ ತೋರಿಸಿದರೆ ಲ್ಯಾಬ್‌ನಲ್ಲಿ ಇನ್ನೊಮ್ಮೆ ನೋಡಿಸಲೇಬೇಕು. ಮೆಷಿನ್‌ಗಿಂತ ಪಟ್ಟಿಗಳದ್ದೇ ಖರ್ಚು, ಅವಕ್ಕೆ ಮಳೆಗಾಲದ ತೇವ ತಾಗಬಾರದು, ಡಬ್ಬಿ ಮುಚ್ಚಿಡಿ. ಹತ್ತಿರದ ಮನೆಯವರಿಗೂ ವಾಲ್ವ್ ಆಗಿದ್ದರೆ ಸೇರಿ ತಗೋಬಹುದು. ಚುಚ್ಚುವ ಸೂಜಿ ಮಾತ್ರ ಪ್ರತಿ ಸಲ ಹೊಸದು, ಒಬ್ಬರದು ಇನ್ನೊಬ್ಬರಿಗೆ ಬೇಡ. ಚುಚ್ಚುವ ಪೆನ್ನನ್ನೂ ಅವರವರು ಬೇರೆ ಇಟ್ಟುಕೊಳ್ಳಬೇಕು.